ಆಡಿಗೊಂದು ಉಣ್ಣೆಯಂಗಿ

ನನಗೊಂದು ಕೆಟ್ಟ ಚಟವಿದೆ. ಬೀಡಿ ಸಿಗರೇಟಿನದಲ್ಲ. ನಶ್ಯದ್ದೊಂದಿತ್ತು, ಅದನ್ನು ಬಿಟ್ಟೆ. ಇದು ಪಾಠ ತೆಗೆಯುವ ಚಟ. ಯಾವ ವಸ್ತು ಕಣ್ಣಿಗೆ ಬಿದ್ದರೂ ಅದರೊಳಗಿಂದ ಒಂದು ಆತ್ಮಿಕ ಪಾಠವನ್ನು ಹೊರಗೆಳೆಯದೆ ನನಗೆ ಸಮಾಧಾನವಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೆ ನನ್ನ ಹೆಂಡತಿ ಸುಗುಣ ಓಡಿಹೋಗಿ ಪಾತ್ರೆ ಇಳಿಸುತ್ತಾಳೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗರ್ವದ ಬಗ್ಗೆ ಎರಡು ಮಾತು ಹೇಳುತ್ತೇನೆ. ಸೈಕಲ್ಲಿನ ಗಾಳಿ ಹೋದರೆ ಪಂಕ್ಚರ್ ಅಂಗಡಿಯವನ ಎದುರು ಕುಕ್ಕರಗಾಲಲ್ಲಿ ಕುಳಿತು, ನೀರಿನ ಬೋಗುಣಿಯಲ್ಲಿ ಗುಳ್ಳೆ ಏಳುವುದನ್ನು ನೋಡುತ್ತ, ಗುಪ್ತ ಪಾಪಗಳ ಬಗ್ಗೆ ಯೋಚಿಸುತ್ತೇನೆ. ತಪ್ಪು ಪೂರ್ತಿ ನನ್ನದಲ್ಲ. ಬೆಟಗೇರಿಯ ನಮ್ಮ ಮನೆತನದಲ್ಲಿ ಅಜ್ಜ ಚರ್ಚಿನ ಉಪದೇಶಿ, ಅಪ್ಪ ಉಪದೇಶಿ, ದೊಡ್ಡಪ್ಪನೂ ಉಪದೇಶಿ. ನಾನೊಬ್ಬನೇ ರೈಲ್ವೆ ಗುಮಾಸ್ತನಾಗಿ ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಆದರೆ ಉಪದೇಶ ನನ್ನ ಬೆನ್ನು ಬಿಡಲಿಲ್ಲ.

ಕೇಳುವವರಿಗೆ ಆಕಳಿಕೆ ಬರುವುದನ್ನು ಬಿಟ್ಟರೆ ಈ ಚಟದಿಂದ ಬೇರೆ ಅಪಾಯವಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಒಂದು ಸಲ ಮಾತ್ರ ಕೈಮೀರಿತು. ಬರೋಡಾದಲ್ಲಿದ್ದಾಗ, ಕ್ರಿಸ್ಮಸ್ ನಾಟಕದ ದಿನ, ತುಂಬು ಬಸುರಿಯಾದ ಒಂದು ಆಡನ್ನು ಹಸಿರು ಉಣ್ಣೆಯಂಗಿಯೊಳಗೆ ಇಳಿಸಿ, ಬಿಚ್ಚಲಾಗದಂತೆ ಹೊಲಿದುಬಿಟ್ಟೆ. ಆಡು ಬಸುರಿ ಎಂಬುದು ನಮ್ಮ ಸಭೆಯ ಹೆಂಗಸರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನೀವಾದರೂ ನನಗಿಂತ ಒಂದು ಹೆಜ್ಜೆ ಮುಂದಿರಲಿ ಎಂದು ಮೊದಲೇ ಹೇಳಿಬಿಟ್ಟೆ.

ಹುಬ್ಬಳ್ಳಿಯಿಂದ ನನಗೆ ಬರೋಡಾಕ್ಕೆ ವರ್ಗವಾದದ್ದು ಚೀನಾದ ಯುದ್ಧ ಶುರುವಾಗುವ ಕೆಲವು ತಿಂಗಳ ಮೊದಲು. ಅಲ್ಲಿನವರ ಲೆಕ್ಕದಲ್ಲಿ ಸೂರತ್ತಿನಿಂದ ದಕ್ಷಿಣಕ್ಕೆ ಇರುವವರೆಲ್ಲ ಮದ್ರಾಸಿಗಳು. ಬೆಟಗೇರಿಯವನಾದ ನಾನೂ ಮದ್ರಾಸಿ, ನಾನು ಮಾಡುವ ಜೋಳದ ರೊಟ್ಟಿಯ ವರ್ಣನೆಯೂ ಮದ್ರಾಸಿ. ನಮ್ಮ ಪ್ರಾರ್ಥನಾಸಭೆಯಲ್ಲಿ ಗುಜರಾತಿಗಳೇ ಹೆಚ್ಚು. ಜೊತೆಗೆ ರೈಲ್ವೆಗೆಂದು ಬಂದ ತಮಿಳರು, ಆಸ್ಪತ್ರೆಗೆಂದು ಬಂದ ಮಲೆಯಾಳಿಗಳು, ಮತ್ತು ಕನ್ನಡಕ್ಕೆಲ್ಲ ನಮ್ಮದೊಂದೇ ಮನೆ. ಎಲ್ಲರೂ ಒಂದೇ ದೇವರನ್ನು ನಂಬಿದವರೇ. ಆದರೆ ಒಂದು ಕೀರ್ತನೆಯನ್ನು ಒಂದೇ ರಾಗದಲ್ಲಿ ಹಾಡಿ ಒಂದೇ ಹೊತ್ತಿಗೆ ಮುಗಿಸಿದ್ದನ್ನು ನಾನು ನೋಡಿರಲಿಲ್ಲ. ತಮಿಳರು ಕೊನೆಯ ಚರಣಕ್ಕೆ ಬಂದಾಗ ನಾವು ಎರಡನೆಯದರಲ್ಲಿ ಇರುತ್ತಿದ್ದೆವು.

ಯುದ್ಧ ಬಂತು. ಹಿಮದಲ್ಲಿ ನಿಂತ ಜವಾನರಿಗೆ ಸ್ವೆಟರ್ ಬೇಕೆಂದು ಊರ ಹೆಂಗಸರೆಲ್ಲ ಹೆಣಿಗೆಯ ಕಡ್ಡಿ ಹಿಡಿದರು. ಬರೋಡಾದಲ್ಲಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ ವರ್ಷಕ್ಕೆ ಒಂದು ಹತ್ತು ದಿನ ಬಿದ್ದರೆ ಹೆಚ್ಚು. ಅಲ್ಲಿ ಕುಳಿತು, ಬೆವರು ಒರೆಸಿಕೊಳ್ಳುತ್ತ, ಪಂಖದ ಕೆಳಗೆ ಉಣ್ಣೆ ಹೆಣೆಯುತ್ತಿದ್ದರು. ಸುಗುಣ ಮಿಷನ್ ಶಾಲೆಯಲ್ಲಿ ಕಲಿತವಳು. ಕಣ್ಣು ಮುಚ್ಚಿಕೊಂಡು ಹೆಣೆಯಬಲ್ಲಳು, ಜೊತೆಗೆ ನನ್ನನ್ನು ಗದರಿಸಲೂಬಲ್ಲಳು. ಅದೇ ದಿನಗಳಲ್ಲಿ ವೈದ್ಯರು ನನ್ನ ನಶ್ಯ ಬಿಡಿಸಿದ್ದರು. ಡಬ್ಬಿಯಿಲ್ಲದ ಕೈ ಸುಮ್ಮನಿರಲಾರದೆ ಮತ್ತೆ ಮತ್ತೆ ಮೂಗಿಗೆ ಹೋಗುತ್ತಿತ್ತು. ಒಂದು ಸಂಜೆ ಅವಳು ಎರಡು ಕಡ್ಡಿಗಳನ್ನು ನನ್ನ ಕೈಗೆ ತುರುಕಿದಳು.

"ಮೂಗ ಎಷ್ಟ ತಿಕ್ಕೋತೀರಿ? ಸವದ ಹೋದೀತು. ತಗೋರಿ, ಇದನ್ನ ಹಿಡೀರಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ."

ಹೀಗೆ ನಾನು ಹೆಣಿಗೆಗೆ ಬಿದ್ದೆ. ಬಿದ್ದೆ ಎನ್ನುವುದೇ ಸರಿ, ಏಕೆಂದರೆ ಮೂರನೆಯ ದಿನಕ್ಕೇ ನಾನು ಆಫೀಸಿಗೆ ಕಡ್ಡಿ ಒಯ್ಯತೊಡಗಿದೆ. ಊಟದ ವಿರಾಮದಲ್ಲಿ ಫೈಲುಗಳ ನಡುವೆ ಕುಳಿತು ಹೆಣೆಯುವ ನನ್ನನ್ನು ನೋಡಲು ಪಕ್ಕದ ವಿಭಾಗದಿಂದಲೂ ಜನ ಬರುತ್ತಿದ್ದರು. ಗಂಡಸಿಗೆ ಇದು ಯಾಕೆ ಎಂದು ಒಬ್ಬ ಕೇಳಿದ. ಅವನಿಗೆ ನಾನು ದಾರದ ಮಹಿಮೆಯನ್ನೇ ಹೇಳಿದೆ. ನೋಡಪ್ಪ, ನಾವಿರುವ ಸೀಮೆಯೇ ದಾರದ್ದು. ಅತ್ತ ಅಹಮದಾಬಾದಿಗೆ ಹೋದರೆ ಗಿರಣಿಯ ಚಿಮಣಿಗಳು. ಇತ್ತ ಸೂರತ್ತಿಗೆ ಇಳಿದರೆ ಗಲ್ಲಿಗಲ್ಲಿಯಲ್ಲಿ ಜರಿ ಎಳೆಯುವವರು. ಸಾಬರಮತಿಯ ದಂಡೆಯ ಮೇಲೆ ಕುಳಿತು ನೂಲು ತೆಗೆದೇ ಸಾಮ್ರಾಜ್ಯ ಅಲ್ಲಾಡಿಸಿದ್ದನ್ನು ನಮ್ಮ ಅಪ್ಪಂದಿರು ಕಂಡಿದ್ದಾರೆ. ಅಹಮದಾಬಾದಿಗೂ ಸೂರತ್ತಿಗೂ ನಡುವೆ ರೈಲು ಹಳಿಯ ಮೇಲೆ ಕುಳಿತ ಬರೋಡಾದಲ್ಲಿ ಒಬ್ಬ ಗುಮಾಸ್ತ ಒಂದು ಮಫ್ಲರ್ ಹೆಣೆದರೆ ಏನು ತಪ್ಪು? ಅವನು ತಲೆಯಾಡಿಸಿ, ಹೆಂಡತಿ ಊರಿಗೆ ಹೋಗಿದ್ದಾಳೆಯೇ ಎಂದು ಕೇಳಿ ಹೊರಟುಹೋದ.

ಹೆಣಿಗೆಗೂ ನನ್ನ ಹಳೆಯ ಚಟಕ್ಕೂ ಗಂಟು ಬಿದ್ದದ್ದು ಅನಾಹುತವಾಯಿತು. ಹೆಣಿಗೆಯಲ್ಲಿ ಇರುವಷ್ಟು ಪಾಠಗಳು ಬೇರೆಲ್ಲೂ ಇಲ್ಲ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದು ಕೆಳಗಿನ ಸಾಲನ್ನೂ ಅದರ ಕೆಳಗಿನದನ್ನೂ ಬಿಚ್ಚುತ್ತ ಹೋಗುತ್ತದೆ. ಆಹಾ, ಸಣ್ಣ ಪಾಪ! ನಾನು ಕಡ್ಡಿ ಕೆಳಗಿಟ್ಟು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬರೆದು ಮುಗಿಸುವ ಹೊತ್ತಿಗೆ ಇನ್ನೂ ನಾಲ್ಕು ಕುಣಿಕೆಗಳು ಜಾರಿರುತ್ತಿದ್ದವು.

"ಪಾಠ ಆಮ್ಯಾಲ ಕಲೀರಿ. ಮೊದ್ಲ ಬಿದ್ದ ಕುಣಿಕಿ ಎತ್ರಿ," ಎನ್ನುತ್ತಿದ್ದಳು ಸುಗುಣ.

ಹೆಣೆದ ಬಟ್ಟೆಯ ಹಿಂಬದಿ ಗಂಟುಗಂಟಾಗಿರುತ್ತದೆ, ನಮ್ಮ ಜೀವನವನ್ನು ನಾವು ನೋಡುವುದು ಆ ಕಡೆಯಿಂದ. ದೇವರು ನೋಡುವುದು ನುಣುಪಾದ ಮುಂಬದಿಯನ್ನು. ಇದನ್ನು ಕಂಡುಹಿಡಿದ ದಿನ ನಾನು ಕಣ್ಣಲ್ಲಿ ನೀರು ತಂದುಕೊಂಡು ಅವಳಿಗೆ ಹೇಳಿದೆ. ಅವಳು ನನ್ನ ಮಫ್ಲರನ್ನು ತಿರುವಿ ಮುರುವಿ ನೋಡಿದಳು. "ನಿಮ್ದು ಎರಡೂ ಕಡೆ ಹಿಂಬದಿನ ಐತಲ್ರೀ. ದೇವರು ಎಲ್ಲಿಂದ ನೋಡಬೇಕು?" ಎಂದಳು. ಜವಾನರಿಗೆ ಕಳಿಸುವ ಗಂಟಿನಲ್ಲಿ ಅವಳು ನನ್ನ ಮಫ್ಲರನ್ನು ಸೇರಿಸಲಿಲ್ಲ. ಆ ಪಾಪದವರಿಗೆ ಚೀನಾದ ಕಾಟವೇ ಸಾಕು ಎಂದಳು.

ಇನ್ನೊಂದು ದೋಷ ನನ್ನ ಕೈಯಲ್ಲೇ ಇತ್ತು. ಹೆಣೆಯುವವರಲ್ಲಿ ಬಿಗಿಗೈ, ಸಡಿಲಗೈ ಎಂದು ಎರಡು ಜಾತಿ. ಅಷ್ಟೇ ಕುಣಿಕೆ ಹಾಕಿ ಅಷ್ಟೇ ಸಾಲು ಹೆಣೆದರೂ ಒಬ್ಬರದು ಅಂಗೈಯಗಲ ಬಂದರೆ ಇನ್ನೊಬ್ಬರದು ಮೂರು ಬೆರಳಿನಗಲ. ನನ್ನದು ಬಿಗಿಗೈ. ಈ ದೋಷ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮುಂದಿನ ಎಡವಟ್ಟೆಲ್ಲ ಆಯಿತು.

ಯುದ್ಧ ನಿಂತಿತು. ಮರುವರ್ಷದ ಮಳೆಗಾಲ ಮುಗಿಯುತ್ತಲೇ ನಮ್ಮ ಸಭೆಯಲ್ಲಿ ಕ್ರಿಸ್ಮಸ್ ನಾಟಕದ ಮಾತು ಎದ್ದಿತು. ನಮ್ಮ ಸಭಾಪಾಲಕರನ್ನು ಗುಜರಾತಿಗಳು ಪಾಳಕ ಸಾಹೇಬ್ ಎನ್ನುತ್ತಿದ್ದರು. ನಡಿಯಾದ್ ಊರಿನ ಕಡೆಯವರು, ಸಣಕಲು ಮೈ, ಕೂಗಿ ಮಾತಾಡಿದವರಲ್ಲ. ಹಿಂದಿನ ವರ್ಷ ಕುರಿಯ ಪಾತ್ರವನ್ನು ಬಿಳಿ ಚಾದರ ಹೊದಿಸಿದ ಒಂದು ಸ್ಟೂಲು ಮಾಡಿತ್ತು. ಈ ಸಲ ಜೀವಂತ ಕುರಿಯೇ ಬೇಕೆಂದು ಅವರಿಗೆ ಆಸೆ. ಅವರೂ ನಾನೂ ಸೈಕಲ್ ಹತ್ತಿ, ಊರ ಹೊರಗೆ ಹಿಂಡು ಇಳಿಸಿದ್ದ ಒಬ್ಬ ಭರವಾಡನ ಬಳಿ ಹೋದೆವು. ಕುರಿ ಕಾಯುವುದೇ ಆ ಜನರ ಕುಲಕಸುಬು. ಕಿವಿಯಲ್ಲಿ ಬಂಗಾರದ ಕಡಕು, ಮೈಮೇಲೆ ನೆರಿಗೆಯ ಅಂಗಿ, ಕೋಲಿನ ಮೇಲೆ ಗದ್ದವಿಟ್ಟು ನಮ್ಮ ಬೇಡಿಕೆಯನ್ನು ಪೂರ್ತಿ ಕೇಳಿದ. ಆಮೇಲೆ ಒಂದು ಕುರಿ ಒಂಟಿಯಾಗಿ ಎಲ್ಲಿಗೂ ಬರುವುದಿಲ್ಲ ಎಂದ. ಬೇಕಾದರೆ ನಲವತ್ತೂ ಒಯ್ಯಿರಿ, ಸಂಜೆಗೆ ತಂದು ಬಿಡಿ. ಪಾಳಕ ಸಾಹೇಬರು ಮನಸ್ಸಿನಲ್ಲೇ ನಲವತ್ತು ಕುರಿಗಳನ್ನು ಬೆಂಚುಗಳ ಮೇಲೆ ಕೂರಿಸಿ ನೋಡಿದರೆಂದು ಕಾಣುತ್ತದೆ. ಸೈಕಲ್ ತಿರುಗಿಸಿ ಹತ್ತಿದರು.

ಆಗ ನೆನಪಾದದ್ದು ಮಣಿಬೆನ್ನರ ಆಡು. ಮಣಿಬೆನ್ ವಿಧವೆ, ಸಭೆಯ ಕಟ್ಟಡ ಗುಡಿಸಿ ಗಂಟೆ ಬಾರಿಸುವವರು, ಕಂಪೌಂಡಿನ ಹಿಂದೆ ಬೇವಿನ ಮರದ ಬುಡದಲ್ಲಿ ಅವರದೊಂದು ಕೋಣೆ. ಮಕ್ಕಳಿಲ್ಲ. ಇರುವುದೊಂದು ಆಡು, ಹೆಸರು ರಾಣಿ, ಮೈಯೆಲ್ಲ ಕಪ್ಪು, ಒಂದು ಕಿವಿ ಮಾತ್ರ ಬಿಳಿ. ಹಿಂದಿನ ವರ್ಷ ರಾಣಿ ಎರಡು ಮರಿ ಹಾಕಿದಾಗ ಮಣಿಬೆನ್ ಮನೆಮನೆಗೆ ಬೆಲ್ಲ ಹಂಚಿ, ಬಂದವರಿಗೆಲ್ಲ ಮರಿ ಎತ್ತಿ ತೋರಿಸಿದ್ದರು. ವಾರದೊಳಗೆ ಎರಡೂ ಸತ್ತವು. ನಜರ್ ಬಿತ್ತು, ಜನರ ದೃಷ್ಟಿ ತಾಗಿತು ಎಂದು ಅವರು ಅತ್ತರು. ಅದರ ಮುಂದಿನ ಭಾನುವಾರ ಪಾಳಕ ಸಾಹೇಬರು, ಯೇಸುವನ್ನು ನಂಬಿದವರಿಗೆ ನಜರ್ ಎಂಬುದಿಲ್ಲ ಎಂದು ಪ್ರಸಂಗ ಮಾಡಿದರು. ಹೀಗಾಗಿ ರಾಣಿ ಮತ್ತೆ ಬಸುರಾದಾಗ ಮಣಿಬೆನ್ ತುಟಿ ಬಿಚ್ಚಲಿಲ್ಲ. ಹೇಳಿದರೆ ನಜರ್ ಬೀಳುತ್ತದೆ. ಯಾಕೆ ಹೇಳಲಿಲ್ಲ ಎಂಬ ಕಾರಣ ಹೇಳಿದರೆ ಪಾಳಕ ಸಾಹೇಬರಿಗೆ ಬೇಸರವಾಗುತ್ತದೆ. ಹೆಂಗಸರು ನೋಡಿಯೇ ತಿಳಿದುಕೊಂಡು ಸುಮ್ಮನಿದ್ದರು. ಸುಗುಣಳಂತೂ ಯಾರಿಗೂ ಹೇಳುವುದಿಲ್ಲವೆಂದು ಆಣೆಯನ್ನೇ ಇಟ್ಟಿದ್ದಳಂತೆ. ಈ ಸಲವಾದರೂ ಮರಿ ಉಳಿಯಬೇಕು ಎಂಬುದೊಂದೇ ಆ ಮುದುಕಿಯ ಪ್ರಾರ್ಥನೆಯಾಗಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಪಾಳಕ ಸಾಹೇಬರು ಭಾನುವಾರ ಎಲ್ಲರೆದುರಿಗೇ, ಮಣಿಬೆನ್, ನಿಮ್ಮ ಆಡು ಕೊಡುತ್ತೀರಾ ಎಂದು ಕೇಳಿದರು. ಇಲ್ಲವೆನ್ನಲು ಕಾರಣ ಹೇಳಬೇಕು, ಕಾರಣ ಹೇಳುವಂತಿಲ್ಲ. ಮಣಿಬೆನ್ ಸೆರಗಿನೊಳಗಿಂದ ತಲೆ ಅಲ್ಲಾಡಿಸಿದರು. ಒಪ್ಪಿಗೆ ಎಂದು ನಾವೆಲ್ಲ ತಿಳಿದೆವು.

ಆದರೆ ಆಡನ್ನು ಕುರಿ ಮಾಡುವುದು ಹೇಗೆ? ಶಾಸ್ತ್ರದ ದೃಷ್ಟಿಯಿಂದ ಇದು ಸಣ್ಣ ಪ್ರಶ್ನೆಯಲ್ಲ. ದೇವರು ತೀರ್ಪು ಕೊಡುವ ಕಡೆಯ ದಿನದಲ್ಲಿ ಕುರಿಗಳು ಬಲಗಡೆಗೆ, ಆಡುಗಳು ಎಡಗಡೆಗೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಎಡಗಡೆಯವರ ಗತಿ ನರಕವೆಂಬುದೂ ಗೊತ್ತು. ಆಡು ಯಾರಿಗೆ ಏನು ಮಾಡಿತ್ತೋ ನನಗೆ ಇವತ್ತಿಗೂ ತಿಳಿಯದು. ಬೇಲಿ ಹಾರುತ್ತದೆ, ಒಣಹಾಕಿದ ಬನಿಯನ್ನು ತಿನ್ನುತ್ತದೆ, ನಿಜ. ಆದರೆ ಕುರಿಗಿಂತ ಬುದ್ಧಿವಂತ, ಮನುಷ್ಯನ ಮುಖ ನೋಡಿ ಮಾತಾಡಿಸುವ ಪ್ರಾಣಿ. ಹತ್ತಿ ಅಂಟಿಸೋಣ ಎಂದರು ಪಾಳಕ ಸಾಹೇಬರು. ಹತ್ತಿಯನ್ನು ರಾಣಿ ತಿಂದುಬಿಡುತ್ತಾಳೆ ಎಂದು ಮಣಿಬೆನ್ ಆಸೆಯಿಂದ ಹೇಳಿದರು; ಕೆಲಸ ಅಲ್ಲಿಗೇ ನಿಂತೀತೆಂದು ಅವರ ಲೆಕ್ಕ. ನನ್ನ ತಲೆಯಲ್ಲಿ ಮಿಂಚು ಹೊಳೆದದ್ದು ಆಗ. ಆಡಿಗೆ ಕುರಿಯ ಉಣ್ಣೆಯನ್ನೇ ತೊಡಿಸಿದರೆ? ಎಡಗಡೆಯ ನಾವು ಪಾಪಿಗಳು, ದೇವರ ಕುರಿಮರಿಯಾದ ಯೇಸುವಿನ ನೀತಿಯನ್ನು ಹೊದ್ದು ಬಲಗಡೆಗೆ ಹೋಗುವುದು! ಇಂಥ ಪಾಠ ನನ್ನ ಅಜ್ಜನಿಗೂ ಹೊಳೆದಿರಲಿಲ್ಲ. ನಾನೇ ಹೆಣೆಯುತ್ತೇನೆ ಎಂದೆ. ನಾಟಕದ ನಡುವೆ ಆಡನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉಣ್ಣೆಯಿಂದ ಹನ್ನೊಂದು ಪಾಠಗಳನ್ನು ಹೇಳುತ್ತೇನೆ ಎಂದೂ ಅಂದೆ. ಪಾಳಕ ಸಾಹೇಬರು ಬಹಳ ಹೊತ್ತು ಯೋಚಿಸಿ ಮೂರು ಪಾಠಕ್ಕೆ ಅಪ್ಪಣೆ ಕೊಟ್ಟರು.

ಮಾಂಡವಿ ಪೇಟೆಯ ಅಂಗಡಿಯಲ್ಲಿ ಯುದ್ಧಕಾಲದ ಹಸಿರು ಉಲನ್ ಯಾರಿಗೂ ಬೇಡದೆ ಬಿದ್ದಿತ್ತು, ಜವಾನರ ಸ್ವೆಟರಿನದು. ಅಂಗಡಿಯವನು ಜಾಗ ಖಾಲಿಯಾದರೆ ಸಾಕೆಂದು ಇದ್ದಬದ್ದ ಉಂಡೆಗಳನ್ನೆಲ್ಲ ನನ್ನ ಚೀಲಕ್ಕೆ ಸುರಿದ. ಬೆತ್ಲೆಹೇಮಿನ ಕುರಿ ಮಿಲಿಟರಿ ಬಣ್ಣದ್ದಿತ್ತೇ ಎಂದು ಪಾಳಕ ಸಾಹೇಬರು ಕೇಳಿದರು. ಹುಲ್ಲಿನಲ್ಲಿ ಮಲಗಿ ಎದ್ದದ್ದಕ್ಕೆ ಬಣ್ಣ ಹತ್ತಿದೆ ಎಂದುಕೊಂಡರಾಯಿತು ಎಂದೆ.

ದರ್ಜಿಯ ಟೇಪು ಹಿಡಿದು ರಾಣಿಯ ಅಳತೆ ತೆಗೆದೆ. ಬೆನ್ನುದ್ದ, ಕೊರಳು, ಹೊಟ್ಟೆಯ ಸುತ್ತು. ಹದಿನೈದು ದಿನ ಹೆಣೆದು, ತೊಡಿಸಿ ನೋಡಿದರೆ ಹೊಟ್ಟೆಯ ಹತ್ತಿರ ಬಿಗಿ. ನನ್ನ ಬಿಗಿಗೈ! ನನಗೆ ನಾಚಿಕೆಯಾಯಿತು. ಅರ್ಧ ಬಿಚ್ಚಿ, ಕುಣಿಕೆ ಹೆಚ್ಚಿಸಿ ಮತ್ತೆ ಹೆಣೆದೆ. ಹದಿನೈದು ದಿನಕ್ಕೆ ಮತ್ತೆ ಬಿಗಿ. ನೋಟುಬುಕ್ಕಿನಲ್ಲಿ ಪರಲೋಕದ ಇಕ್ಕಟ್ಟಾದ ಬಾಗಿಲಿನ ಬಗ್ಗೆ ಒಂದು ಪುಟ ಬರೆದೆ. ಮೂರನೆಯ ಸಲ ಇನ್ನೂ ಹೆಚ್ಚು ಕುಣಿಕೆ ಹಾಕಿ, ಕೈ ಸಡಿಲವಾಗಲೆಂದು ಹೆಣೆಯುವ ಮೊದಲು ಪ್ರಾರ್ಥನೆಯನ್ನೂ ಮಾಡಿದೆ. ಮತ್ತೆ ಬಿಗಿ. ಮನುಷ್ಯನ ಹೃದಯ ಎಷ್ಟು ಸಂಕುಚಿತ ಎಂದು ಇನ್ನೊಂದು ಪುಟ ಬರೆದೆ. ಇನ್ನು ಬಿಚ್ಚಿ ಹೆಣೆಯಲು ದಿನ ಉಳಿದಿರಲಿಲ್ಲ. ಟೇಪು ಕೈಯಲ್ಲೇ ಇತ್ತು. ಆಡು ದಪ್ಪಗಾಗಿದೆಯೇ ಎಂದು ಮತ್ತೊಮ್ಮೆ ಅಳೆಯುವುದು ನನಗೆ ಹೊಳೆಯಲೇ ಇಲ್ಲ. ತಪ್ಪೆಲ್ಲ ನನ್ನಲ್ಲೇ ಇದೆಯೆಂದು ನಂಬುವುದರಲ್ಲೂ ಒಂದು ಜಂಭವಿದೆ, ಅದು ನನಗೆ ತಿಳಿಯುತ್ತಿರಲಿಲ್ಲ.

ಪ್ರತಿ ಸಲ ತೊಡಿಸಿ ನೋಡುವಾಗಲೂ ಮಣಿಬೆನ್ ಎದುರು ಕುಳಿತು ಸೆರಗಿನ ತುದಿ ಕಚ್ಚುತ್ತಿದ್ದರು. "ಜರಾ ಢೀಲು ರಾಖಜೋ, ಭಾಯಿ," ಎನ್ನುತ್ತಿದ್ದರು, ಸ್ವಲ್ಪ ಸಡಿಲ ಇರಲಿ ಅಣ್ಣಾ ಎಂದು. ಪಾಪ, ಹೆಣಿಗೆಯ ಸೂಕ್ಷ್ಮ ಈ ಮುದುಕಿಗೂ ತಿಳಿಯುತ್ತದಲ್ಲ ಎಂದು ನನಗೆ ಮೆಚ್ಚುಗೆ. ಮನೆಯಲ್ಲಿ ಸುಗುಣಳೂ ಅದೇ ಮಾತು.

"ಅಷ್ಟ ಬಿಗಿ ಯಾಕ ಹೆಣೀತೀರಿ? ಸಡ್ಲ ಬಿಡ್ರಿ. ಅದಕ್ಕೂ ಉಸ್ರಾಡೂದು ಇರ್ತೈತಿ."

"ನನ್ನ ಕೈನ ಹಂಗ ಐತಿ, ಏನ ಮಾಡ್ಲಿ?" ಎಂದೆ ದುಃಖದಿಂದ.

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಮರಿ ಹಾಕುವುದು ಸಂಕ್ರಾಂತಿಯ ಹೊತ್ತಿಗೆ ಎಂದು ಮಣಿಬೆನ್ ಅವಳಿಗೆ ಹೇಳಿದ್ದರಂತೆ. ಕ್ರಿಸ್ಮಸ್ಸಿನಿಂದ ಅಲ್ಲಿಗೆ ಸುಮಾರು ಮೂರು ವಾರದ ಅಂತರವಿತ್ತು, ಅಂಗಿ ಹೇಗಿದ್ದರೂ ಒಂದು ಗಂಟೆ ಮೈಮೇಲಿದ್ದು ಇಳಿಯುತ್ತದೆ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡಿದ್ದರು.

ಅಂಗಿ ಇಳಿಯದಂತೆ ಮಾಡಿದವನು ನಾನು. ಹೊಟ್ಟೆಯ ಕೆಳಗೆ ಗುಂಡಿ ಹಾಕಿ ಮುಚ್ಚುವುದೆಂದು ಮೊದಲು ಅಂದುಕೊಂಡಿದ್ದೆ. ಆದರೆ ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಚೀಟಿ ಹಾಕಿದ ಯೇಸುವಿನ ಅಂಗಿ ಹೊಲಿಗೆಯಿಲ್ಲದ್ದು, ಮೇಲಿಂದ ಕೆಳಗೆ ಇಡಿಯಾಗಿ ನೇಯ್ದದ್ದು ಎಂಬುದು ನೆನಪಾಯಿತು. ಅದೇ ನನ್ನ ಮೂರನೆಯ ಪಾಠ. ಆದ್ದರಿಂದ ನಾಟಕದ ದಿನ ಮಧ್ಯಾಹ್ನ, ವೇದಿಕೆಯ ಪಕ್ಕದ ಕೋಣೆಯಲ್ಲಿ ರಾಣಿಗೆ ಅಂಗಿ ತೊಡಿಸಿ, ಹೊಟ್ಟೆಯ ಕೆಳಗಿನ ಎರಡು ಅಂಚುಗಳನ್ನು ಅದೇ ಉಲನ್ನಿನಿಂದ ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದುಬಿಟ್ಟೆ. ಎಲ್ಲಿ ಸೇರಿತೆಂದು ಯಾರಿಗೂ ಕಾಣಬಾರದು. ದಾರದ ತುದಿಯನ್ನೂ ಒಳಗೆ ಹೊಗಿಸಿ ಅಡಗಿಸಿದೆ. ನನ್ನ ಹೆಣಿಗೆಯ ಬಾಳಿನಲ್ಲಿ ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ. ರಾಣಿ ನನ್ನ ಮುಖ ನೋಡಿ ಒಮ್ಮೆ ಅರಚಿತು. ಮೆಚ್ಚಿತು ಎಂದುಕೊಂಡೆ.

ನಾಲ್ಕು ಗಂಟೆಗೆ ನಾಟಕ. ಬೆಂಚುಗಳೆಲ್ಲ ತುಂಬಿದ್ದವು. ಕೂಸು ಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳಾಗಿ ಸಭೆಯ ಮೂವರು ತರುಣರು, ಮೈಮೇಲೆ ತಾಯಂದಿರ ಮದುವೆ ಸೀರೆ. ಕುರುಬರ ದೃಶ್ಯಕ್ಕೆ ನಾನು ರಾಣಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದೆ. ಹಸಿರು ಪ್ರಾಣಿಯನ್ನು ಕಂಡು ಮಕ್ಕಳು ಬೆಂಚಿನ ಮೇಲೆ ಎದ್ದು ನಿಂತರು. ಇದು ಯಾವ ಪ್ರಾಣಿ ಎಂದು ಒಬ್ಬ ತಮಿಳು ಅಜ್ಜ ಗಟ್ಟಿಯಾಗಿಯೇ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಪ್ರಿಯರೇ, ನಾವೆಲ್ಲರೂ ಆಡುಗಳು, ಎಂದು ಶುರುಮಾಡಿದೆ.

ಅಷ್ಟೇ ಹೇಳಿದ್ದು. ರಾಣಿ ಕಾಲು ಮಡಚಿ ಮಲಗಿತು. ಮಲಗಿ, ಕತ್ತು ಚಾಚಿ, ನಾನು ಹಿಂದೆಂದೂ ಕೇಳದ ಒಂದು ದನಿ ತೆಗೆಯಿತು. ಆಯಾಸವಾಗಿದೆ ಎಂದುಕೊಂಡು ನಾನು ಸ್ವಲ್ಪ ದನಿಯೇರಿಸಿ ಮುಂದುವರಿಯುವವನಿದ್ದೆ. ಹೆಂಗಸರ ಕಡೆಯಿಂದ ಮಣಿಬೆನ್ ಎದ್ದು ನಿಂತರು. ತಲೆಯ ಸೆರಗು ಜಾರಿತ್ತು. ಆ ಕಟ್ಟಡದೊಳಗೆ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬಿಚ್ಚಿ ಅದನ್ನ! ಅವಳಿಗೆ ನೋವು ಬಂದಿದೆ! ಮರಿ ಸತ್ತುಹೋಗುತ್ತದೆ!"

ನನಗೆ ಅರ್ಥವಾದದ್ದು ಆಗ. ಮೂರು ಸಲದ ಬಿಗಿ, ಸೆರಗಿನ ತುದಿ, ಸುಗುಣ ತೆರೆದು ಮುಚ್ಚಿದ ಬಾಯಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಮೊಣಕಾಲೂರಿ ದಾರದ ತುದಿ ಹುಡುಕಿದೆ. ಸಿಗಲಿಲ್ಲ. ಯಾರಿಗೂ ಕಾಣಬಾರದೆಂದು ಅಡಗಿಸಿದ್ದು ನನಗೂ ಕಾಣಲಿಲ್ಲ. ಕತ್ತರಿ ಎಂದು ಯಾರೋ ಕೂಗಿದರು, ಯಾರ ಹತ್ತಿರವೂ ಇರಲಿಲ್ಲ. ಜ್ಞಾನಿಗಳ ಕೈಯಲ್ಲಿ ಬಂಗಾರದ ಕಾಗದ ಸುತ್ತಿದ ಡಬ್ಬಿಗಳಿದ್ದವು, ಅವುಗಳಿಂದ ಉಪಯೋಗವಿರಲಿಲ್ಲ. ನಾನು ಮಣಿಬೆನ್ನರ ಮುಖ ನೋಡಲಾರದೆ ಹುಡುಕುತ್ತಲೇ ಇದ್ದೆ. ಆ ಎರಡು ನಿಮಿಷ ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ, ಇವತ್ತು ನಗುತ್ತ ಬರೆಯುವಾಗಲೂ ಅದು ಪೂರ್ತಿ ಹೋಗಿಲ್ಲ.

ಸುಗುಣ ಬೆಂಚುಗಳ ನಡುವಿಂದ ಬಂದಳು. ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಸರೀರಿ ಆಕಡೆ," ಎಂದು ಬಗ್ಗಿ, ಹೊಟ್ಟೆಯ ಹತ್ತಿರ ಸಿಕ್ಕ ಎಳೆಯನ್ನು ಹಲ್ಲಿನಿಂದ ಕಚ್ಚಿ ಕಡಿದು ಎಳೆದಳು. ಹೆಣಿಗೆ ಬಿಚ್ಚತೊಡಗಿತು. ಸಾಲು ಸಾಲಾಗಿ, ಎರಡು ತಿಂಗಳ ಕೆಲಸ. ಉಲನ್ ಕಾಲಿಗೆ ಸುತ್ತಿಕೊಳ್ಳಬಾರದೆಂದು ಅವಳು ಎಳೆದದ್ದನ್ನು ಹತ್ತಿರದ ಜ್ಞಾನಿಯ ಕೈಗೆ ಕೊಟ್ಟಳು. ಅವನು ಎರಡು ಕೈ ಚಾಚಿ ನಿಂತ, ಇನ್ನೊಬ್ಬ ಜ್ಞಾನಿ ಅವನ ಕೈಗೆ ಸುತ್ತತೊಡಗಿದ. ಪಾಳಕ ಸಾಹೇಬರು ಉದ್ದ ನಿಲುವಂಗಿ ಮೇಲೆತ್ತಿಕೊಂಡು ರಾಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಏನಾಗುತ್ತಿದೆಯೆಂದು ತಿಳಿಯದ ಹಿಂದಿನ ಬೆಂಚಿನವರು ಇದೂ ನಾಟಕವೆಂದು ಒಂದು ಕೀರ್ತನೆ ಎತ್ತಿಕೊಂಡರು.

ಹೊಟ್ಟೆಯ ಮೇಲಿನ ಪಟ್ಟಿ ಬಿಡುತ್ತಲೇ ರಾಣಿ ಒಂದು ದೀರ್ಘ ಉಸಿರು ಬಿಟ್ಟಿತು. ಸ್ವಲ್ಪ ಹೊತ್ತಿಗೆ ಮರಿ ಬಂತು. ಒದ್ದೆಯಾಗಿ, ಕಪ್ಪಗೆ, ಅಲುಗಾಡದೆ ಬಂತು. ಮಣಿಬೆನ್ ಅದರ ಮೂಗೊರೆಸಿ, ಹಿಂಗಾಲು ಹಿಡಿದೆತ್ತಿ, ಒಮ್ಮೆ, ಎರಡು ಸಲ, ಮೂರು ಸಲ ಗಾಳಿಯಲ್ಲಿ ಬೀಸಿದರು. ಆಮೇಲೆ ಜ್ಞಾನಿಯ ಕೈಯ ಉಲನ್ ರಾಶಿಯನ್ನೇ ಕಸಿದುಕೊಂಡು ಅದರಲ್ಲಿ ಮರಿಯನ್ನು ಹಾಕಿ ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಗುಜರಾತಿಯಲ್ಲಿ ಏನೇನೋ ಹೇಳುತ್ತಿದ್ದರು, ಅರ್ಧ ಪ್ರಾರ್ಥನೆ, ಅರ್ಧ ಬೈಗುಳ. ಮರಿ ಸೀನಿತು. ಇನ್ನೊಮ್ಮೆ ಸೀನಿತು. ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನಾನು ಮಾತ್ರ ಅತ್ತೆ, ಎಲ್ಲರೆದುರಿಗೇ.

ತಾಯಿಯನ್ನೂ ಮರಿಯನ್ನೂ ಮಣಿಬೆನ್ ಕೋಣೆಗೆ ಎತ್ತಿಸಿಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಎರಡನೆಯ, ಮೂರನೆಯ ಪಾಠಗಳನ್ನು ಯಾರೂ ಕೇಳಲಿಲ್ಲ. ಮನೆಗೆ ನಡೆಯುವಾಗ ಸುಗುಣ ಒಂದೇ ಮಾತು ಹೇಳಿದಳು.

"ಎರಡು ಹೆಣ್ಣು ಮಕ್ಕಳ ತಂದಿ ಅದೀರಿ. ಹೊಟ್ಟಿ ಯಾಕ ದಪ್ಪ ಆಗ್ತೈತಿ ಅನ್ನೂದು ಗೊತ್ತಾಗ್ಲಿಲ್ಲ ನಿಮಗ?"

ಮರುದಿನ ಹುರುಳಿ ಹೊಟ್ಟಿನ ಚೀಲ ಹೊತ್ತು ಕ್ಷಮೆ ಕೇಳಲು ಹೋದೆ. ಮಣಿಬೆನ್ ಬಾಗಿಲಲ್ಲೇ ಕುಳಿತಿದ್ದರು. ರಾಣಿ ಒಳಗೆ ನನ್ನನ್ನು ನೋಡಿ ಮುಖ ತಿರುಗಿಸಿತು. ಎದುರಿಗೆ ಒಂದು ಮರಿ ಆಗಲೇ ನಿಂತು ಬೀಳುವ ಅಭ್ಯಾಸ ಮಾಡುತ್ತಿತ್ತು.

"ಎಷ್ಟು ಮರಿ, ಮಣಿಬೆನ್?" ಎಂದೆ, ಏನಾದರೂ ಮಾತಾಡಬೇಕೆಂದು.

"ಏಕ್ ಜ," ಎಂದರು ಥಟ್ಟನೆ. ಒಂದೇ.

ನಾನು ಚೀಲ ಇಳಿಸಿದೆ. ತಪ್ಪಾಯಿತು ಎಂದೆ. ಅದಕ್ಕೊಂದು ಉಪಮೆ ಹೊಳೆಯಲಿಲ್ಲ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಬೀದಿಯ ಕಡೆ ಎಡಕ್ಕೂ ಬಲಕ್ಕೂ ನೋಡಿದರು. ಆಮೇಲೆ ಎದ್ದು, ಮೂಲೆಯಲ್ಲಿ ಬೋರಲು ಹಾಕಿದ್ದ ಒಂದು ಬಿದಿರಿನ ಬುಟ್ಟಿಯನ್ನು ಎರಡು ಬೆರಳಷ್ಟು ಎತ್ತಿದರು. ಒಳಗೆ ಒಂದು ಬಿಳಿ ಕಿವಿ ಅಲುಗಾಡಿತು. ಎರಡನೆಯದು, ಮನೆಗೆ ಬಂದ ಮೇಲೆ ಹುಟ್ಟಿದ್ದು. ಬುಟ್ಟಿಯನ್ನು ಮತ್ತೆ ಮುಚ್ಚಿ ತುಟಿಯ ಮೇಲೆ ಬೆರಳಿಟ್ಟರು.

"ನಿನಗೆ ಮಾತ್ರ ತೋರಿಸಿದ್ದೇನೆ, ಭಾಯಿ. ಯಾರಿಗೂ ಹೇಳಬೇಡ."

ಅವರ ಆಡನ್ನು ಕೊಲ್ಲಲು ಹೊರಟವನಿಗೆ ಅವರು ಅದನ್ನು ತೋರಿಸಿದ್ದರು. ಮೂರು ತಲೆಮಾರಿನ ಉಪದೇಶಿಗಳ ಮನೆಯವನು ನಾನು, ನಜರಿನಲ್ಲಿ ನಂಬಿಕೆಯಿಲ್ಲದವನು, ದಾರಿಯುದ್ದಕ್ಕೂ ಯಾರಾದರೂ ಕೇಳಿದರೆ ಒಂದೇ ಎನ್ನಬೇಕು ಎಂದು ಬಾಯಿಪಾಠ ಮಾಡುತ್ತ ಬಂದೆ. ಮನೆಯಲ್ಲಿ ಸುಗುಣ ಕೇಳಿಯೇ ಕೇಳಿದಳು. ಒಂದ, ಎಂದೆ. "ಹೂಂ, ಒಂದ," ಎಂದು ಅವಳು ಬೇಗ ಒಲೆಯ ಕಡೆ ತಿರುಗಿದಳು. ಅವಳಿಗೆ ಸುಳ್ಳು ಹೇಳಿದೆನಲ್ಲ ಎಂದು ನನಗೆ ಅನ್ನ ಇಳಿಯಲಿಲ್ಲ. ಸಂಜೆ ಸಿಕ್ಕ ಪಾಳಕ ಸಾಹೇಬರಿಗೂ ಅದನ್ನೇ ಹೇಳಿದೆ. ಅವರು ಸೈಕಲ್ಲಿನ ಗಂಟೆಯನ್ನು ಕಾರಣವಿಲ್ಲದೆ ಒರೆಸುತ್ತ, ಹೌದಂತೆ, ಒಂದೇ ಅಂತೆ, ಎಂದರು. ಆ ಮರಿಗಳು ಬೆಳೆದು ತಾವೇ ಮರಿ ಹಾಕಿ ಎಷ್ಟೋ ಕಾಲವಾಗಿದೆ, ಇನ್ನು ಬಾಯಿಬಿಟ್ಟರೆ ತೊಂದರೆಯಿಲ್ಲ ಎಂಬ ಧೈರ್ಯದಿಂದ ನಿಮಗೆ ಹೇಳುತ್ತಿದ್ದೇನೆ.

ಹೊಸ ವರ್ಷದ ದಿನ ಬೆಳಗಿನ ಆರಾಧನೆಯಲ್ಲಿ ಪಾಳಕ ಸಾಹೇಬರು ವರ್ಷದ ಉಪಕಾರಗಳನ್ನೆಲ್ಲ ನೆನೆದು ಸ್ತುತಿ ಹೇಳುತ್ತ ಬಂದರು. ಮದುವೆಗಳು, ವಾಸಿಯಾದ ಕಾಯಿಲೆಗಳು, ಬಡ್ತಿಗಳು. ಕೊನೆಗೆ ಒಂದು ಕ್ಷಣ ತಡೆದು, "ಮತ್ತು ನಮ್ಮ ಮಣಿಬೆನ್ನರಿಗೆ ನೀನು ಕೊಟ್ಟ ಆ ಒಂದು ಮರಿಗಾಗಿ" ಎಂದರು. ಒಂದು ಎಂಬುದರ ಮೇಲೆ ಒತ್ತು ಸ್ವಲ್ಪ ಹೆಚ್ಚಾಗಿಯೇ ಬಿತ್ತು. ಬುಟ್ಟಿ ಎತ್ತಿ ತೋರಿಸಿದ್ದು ನನ್ನೊಬ್ಬನಿಗೇ ಹೌದೇ ಎಂದು ಸಂಶಯ ಬಂದು ಒಂದೇ ಕಣ್ಣು ತೆರೆದೆ. ಸುಗುಣ ತನ್ನ ಕೈಬೆರಳುಗಳನ್ನೇ ನೋಡುತ್ತಿದ್ದಳು. ತಮಿಳು ಅಜ್ಜ ಮಾಡಿನ ತೊಲೆ ನೋಡುತ್ತಿದ್ದರು. ಮೂವರು ಜ್ಞಾನಿಗಳು ತುಟಿ ಕಚ್ಚಿಕೊಂಡಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಂದು ರಾಗಕ್ಕೆ ಎಂದೂ ಕೂಡಿ ಬಾರದ ಆ ಜನ, ಗುಜರಾತಿಗಳು, ತಮಿಳರು, ಮಲೆಯಾಳಿಗಳು, ನಾವು, ಎಲ್ಲರೂ ಒಂದೇ ಉಸಿರಿಗೆ, ಒಂದೇ ಹೊತ್ತಿಗೆ, ಕಿಟಕಿ ಅದುರುವಂತೆ ಆಮೆನ್ ಎಂದೆವು. ಮುಂದಿನ ಚಾಪೆಯ ಮೇಲಿದ್ದ ಮಣಿಬೆನ್ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡು, ಎಲ್ಲರೂ ಮುಗಿಸಿದ ಮೇಲೆ, ಮೆಲ್ಲಗೆ ತಾವೂ ಆಮೆನ್ ಎಂದರು.